ಮಗುಚಿ ಬಿದ್ದ ಸೂಟ್‌ಕೇಸ್

ಸೂಟ್‌ಕೇಸ್ ಮೊದಲ ಸಲ ಮಗುಚಿ ಬಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎತ್ತಿ ನಿಲ್ಲಿಸಿದರು. ಮತ್ತೆ ಬಿತ್ತು. ಆಗ ನನ್ನ ಮೈ ಉರಿಯಿತು.

ಉರಿಯದೆ ಇನ್ನೇನು? ಅದು ನಾನು ಮಾರಿದ ಸೂಟ್‌ಕೇಸ್. ಇಪ್ಪತ್ತೆಂಟು ವರ್ಷದಿಂದ ಇದೇ ಬೀದಿಯಲ್ಲಿ ಸೂಟ್‌ಕೇಸ್ ಮಾರುತ್ತೇನೆ, ರಿಪೇರಿಯೂ ಮಾಡುತ್ತೇನೆ. ಚಕ್ರದ ಸದ್ದು ಕೇಳಿದರೆ ಸಾಕು, ಇನ್ನೆಷ್ಟು ದಿನ ಬಾಳುತ್ತೆ ಅಂತ ಹೇಳಿಬಿಡುತ್ತೇನೆ. ನನ್ನ ಅಂಗಡಿಯ ಮಾಲು ಹೀಗೆ ಕುಡಿದವರ ಹಾಗೆ ವಾಲಿ ಬೀಳುವುದಿಲ್ಲ.

"ಏನೇ ಪುಟ್ಟಿ, ಭಾರ ಎಲ್ಲಾ ಎಲ್ಲಿ ತುರುಕಿದ್ದೀಯ?" ಅಂದೆ.

ಪುಟ್ಟಿ ನನ್ನ ಅಣ್ಣನ ಮಗಳು. ಕೃತಕ ಕೈಕಾಲು ಮಾಡುವ ಈ ಕಾರ್ಖಾನೆಯಲ್ಲಿ ಅಚ್ಚು ತೆಗೆಯುವುದು, ತೊಡಿಸಿ ಸರಿಮಾಡುವುದು ಎಲ್ಲಾ ಅವಳೇ. ವಯಸ್ಸು ಇಪ್ಪತ್ತೇಳು. ನನಗೆ ಮಾತ್ರ ಇನ್ನೂ ಪುಟ್ಟಿ.

"ನೀವು ಹೇಳಿಕೊಟ್ಟ ಹಾಗೇ ತುಂಬಿದ್ದು, ಅತ್ತೆ. ಭಾರ ಎಲ್ಲಾ ಚಕ್ರದ ಹತ್ತಿರ. ನಿನ್ನೆ ಸಂಜೆ ಇಲ್ಲೇ, ಬಾಗಿಲ ಇಳಿಜಾರಿನಲ್ಲೇ ನಿಲ್ಲಿಸಿದ್ದೆ. ಅಲುಗಾಡಲೂ ಇಲ್ಲ."

"ಹಾಗಾದ್ರೆ ತೆಗಿ. ನೋಡೇಬಿಡೋಣ."

ಅವಳು ಸೂಟ್‌ಕೇಸ್ ಮಲಗಿಸಿ, ಬೀಗದ ಮೂರು ನಂಬರ್ ತಿರುಗಿಸಿ, ಜಿಪ್ ಎಳೆದಳು. ಮೇಲ್ತುದಿಯಲ್ಲಿ, ಹಿಡಿಯ ಕೆಳಗೆ, ಅವಳದೇ ಟವೆಲ್ಲಿನಲ್ಲಿ ಸುತ್ತಿದ ಎರಡು ಗಂಟು. ಬಿಚ್ಚಿದರೆ ಪ್ಲಾಸ್ಟರಿನ ಎರಡು ಪಾದ. ಕಾರ್ಖಾನೆಯ ಹಳೆಯ ಅಚ್ಚುಗಳು. ಚಕ್ರದ ಕಡೆ ಇರಬೇಕಾದ ಕಪ್ಪು ಡಬ್ಬಿ ಇಲ್ಲ.

ಪುಟ್ಟಿ ಅಲ್ಲೇ ನೆಲಕ್ಕೆ ಕೂತುಬಿಟ್ಟಳು. "ಕೈಗಳು," ಅಂದಳು. "ಕೈಗಳಿಲ್ಲ ಅತ್ತೆ."

* * *

ಆ ಡಬ್ಬಿಯಲ್ಲಿ ಇದ್ದದ್ದು ಮಕ್ಕಳ ಮೂರು ಕೈ. ಬೆರಳು ಮಡಚುವ, ಲೋಟ ಹಿಡಿಯುವ ಕೈ. ಇಡೀ ಕಾರ್ಖಾನೆ ನಾಲ್ಕು ವರ್ಷ ಜೀವ ತೇಯ್ದು ಮಾಡಿದ್ದು. ಅವುಗಳಲ್ಲಿ ಎರಡು, ಆಸ್ಪತ್ರೆಗಳಿಗೆ ತೋರಿಸಲು. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು, ಪ್ರಯಾಣದ ನಾಲ್ಕನೇ ಊರಿನ ಏಳು ವರ್ಷದ ಹುಡುಗಿಯೊಬ್ಬಳಿಗೆ. ಅವಳ ಅಳತೆ ತೆಗೆದು ನಾಲ್ಕು ತಿಂಗಳಾಗಿತ್ತು. ಮಕ್ಕಳು ಬೆಳೆಯುತ್ತವೆ. ಈ ತಿಂಗಳು ಹಾಕದಿದ್ದರೆ ಆ ಕೈ ಅವಳಿಗೆ ಕೂರುವುದಿಲ್ಲ. ಮತ್ತೆ ಅಚ್ಚು, ಮತ್ತೆ ಒಂದು ವರ್ಷ. ಹಾಕಲು ಬರುವುದು ಪುಟ್ಟಿಗೆ ಮಾತ್ರ.

ವಿಮಾನ ಸಂಜೆ ಆರಕ್ಕೆ. ಕಾರ್ಖಾನೆಯಿಂದ ಮೂರಕ್ಕೆ ಹೊರಡಬೇಕು. ಗಡಿಯಾರದಲ್ಲಿ ಆಗ ಹತ್ತೂಕಾಲು.

ಹೊರಡಬೇಕಾದವರು ನಾಲ್ಕೇ ಜನ. ಪುಟ್ಟಿ. ಕಾರ್ಖಾನೆಯ ಯಜಮಾನರು, ಊರಲ್ಲಿ ಅರ್ಧ ಜನಕ್ಕೆ ಈ ಕೆಲಸ ಕಲಿಸಿದ್ದರಿಂದ ಎಲ್ಲರಿಗೂ ಮೇಷ್ಟ್ರು. ಪ್ರಯಾಣದ ಏರ್ಪಾಡು ನೋಡುವ ಹೆಂಗಸು. ಹಿಂದಿನಿಂದ ಎಲ್ಲರೂ ಟೈಮ್‌ಟೇಬಲ್ ಮೇಡಂ ಅನ್ನುತ್ತಾರೆ, ನಾನು ಮುಂದಿನಿಂದಲೇ ಅನ್ನುತ್ತೇನೆ. ಕೊನೆಗೆ, ನಾವೆಲ್ಲ ಮೋಟಾರು ಅಂತ ಕರೆಯುವವನು. ಆ ಕೈಗಳೊಳಗಿನ ಪುಟ್ಟ ಮೋಟಾರುಗಳನ್ನು ಕೂರಿಸಿದ ಇಂಜಿನಿಯರ್. ಸೌಮ್ಯ ಸ್ವಭಾವದ ಮನುಷ್ಯ, ನಾಲ್ಕು ಮಾತಾಡಿದರೆ ಹೆಚ್ಚು.

ಹತ್ತು ದಿನದ ಹಿಂದೆ ನಾಲ್ವರೂ ಒಟ್ಟಿಗೆ ನನ್ನ ಅಂಗಡಿಗೆ ಬಂದಿದ್ದರು. ಹತ್ತೊಂಬತ್ತು ದಿನ, ಐದು ಊರು, ಆರು ವಿಮಾನ, ಎರಡು ರೈಲು. ಮೇಡಂ ಬಂದವರೇ ನಾಲ್ಕು ಚಕ್ರದ, ಬೀರುವಿನಂಥ ಗಟ್ಟಿ ಪೆಟ್ಟಿಗೆಗೆ ಕೈ ಹಾಕಿದರು.

"ಇಡಿ ಅದನ್ನ ಕೆಳಗೆ," ಅಂದೆ. "ಅದು ಏರ್‌ಪೋರ್ಟಿನ ನುಣ್ಣನೆ ನೆಲದಲ್ಲಿ ಮೆರೆಯೋಕೆ. ನೀವು ಹೋಗೋ ಊರಲ್ಲಿ ಕಲ್ಲು ಹಾಸಿದ ಬೀದಿ, ರೈಲಿನ ಮೆಟ್ಟಿಲು. ಎರಡು ದಪ್ಪ ಚಕ್ರದ ಮೆತ್ತನೆ ಸೂಟ್‌ಕೇಸ್ ತಗೊಳ್ಳಿ. ಆರು ವಿಮಾನದಲ್ಲಿ ಎಲ್ಲಕ್ಕಿಂತ ಚಿಕ್ಕದರಲ್ಲಿ ಎಷ್ಟು ಕೆ.ಜಿ. ಬಿಡ್ತಾರೆ?"

"ಹದಿನೈದು."

"ಹಾಗಾದ್ರೆ ಪೂರ್ತಿ ಪ್ರಯಾಣಕ್ಕೂ ಹದಿನೈದೇ. ದೊಡ್ಡ ವಿಮಾನ ಮೂವತ್ತು ಬಿಡುತ್ತೆ ಅಂತ ತುಂಬಿಕೊಂಡು ಹೋದ್ರೆ, ನಾಲ್ಕನೇ ವಿಮಾನದ ಮುಂದೆ ನೆಲದ ಮೇಲೆ ಬಟ್ಟೆ ಹರಡಿಕೊಂಡು ಕೂರ್ತೀರ."

ಮೇಡಂ ಮುಖ ಗಂಟಿಕ್ಕಿದರು, ಆದರೆ ಬರೆದುಕೊಂಡರು. ಮೇಷ್ಟ್ರು ನಾನು ತೋರಿಸಿದ್ದನ್ನೇ ತಗೊಂಡರು. ಮೋಟಾರು ನಕ್ಕು, "ನಂಗೆ ಬೇಡ ಅಕ್ಕಾ, ಬೆನ್ನಿದೆ," ಅಂತ ಹೊರಗೆ ಫೋನಿನಲ್ಲಿ ಮಾತಾಡುತ್ತ ನಿಂತ. ಪುಟ್ಟಿ ನಂಬರ್ ಬೀಗ ಕೇಳಿದಳು. ಕೊಟ್ಟೆ. ಬೀಗ ಬರೀ ತೋರಿಕೆಗೆ ಕಣೇ ಅಂತಲೂ ಹೇಳಿದೆ.

* * *

ಇನ್ಸ್‌ಪೆಕ್ಟರ್ ಹತ್ತೂ ಮುಕ್ಕಾಲಿಗೆ ಬಂದರು. ಬಾಯಲ್ಲಿ ಕೆಮ್ಮಿನ ಮಾತ್ರೆ. ಆತುರದ ಮನುಷ್ಯ. ತೆರೆದ ಸೂಟ್‌ಕೇಸಿನ ಫೋಟೊ ತೆಗೆಸಿದರು, ನಾಲ್ವರನ್ನೂ ಕೂರಿಸಿದರು. ನನ್ನನ್ನು ಹೊರಗೆ ಕಳಿಸಲು ನೋಡಿದರು. ನಾನು ಹೋಗಲಿಲ್ಲ.

"ಕಾರ್ಖಾನೆಯ ಬೀಗದ ಕೈ ಯಾರ ಹತ್ತಿರ ಇದೆ?"

"ನಾಲ್ವರ ಹತ್ತಿರಾನೂ," ಅಂದರು ಮೇಷ್ಟ್ರು. "ನಿನ್ನೆ ಏಳಕ್ಕೆ ಬಾಗಿಲು ಹಾಕಿದ್ದು. ಇವತ್ತು ಒಂಬತ್ತಕ್ಕೆ ನಾನೇ ತೆಗೆದದ್ದು."

"ಸೂಟ್‌ಕೇಸಿನ ನಂಬರ್?"

"ನನಗೊಬ್ಬಳಿಗೇ ಗೊತ್ತು," ಅಂದಳು ಪುಟ್ಟಿ.

"ಬೀಗ ಒಡೆದಿಲ್ಲ. ಜಿಪ್ ಹರಿದಿಲ್ಲ." ಇನ್ಸ್‌ಪೆಕ್ಟರ್ ಮಾತ್ರೆಯನ್ನು ಇನ್ನೊಂದು ದವಡೆಗೆ ತಳ್ಳಿದರು. "ಪಾದ ಸುತ್ತಿದ್ದು ನಿಮ್ಮ ಟವೆಲ್ಲಲ್ಲಿ. ಇನ್ನೇನು ಉಳೀತು? ಎದ್ದೇಳಿ, ಸ್ಟೇಷನ್ನಿಗೆ ಹೋಗೋಣ."

ಪುಟ್ಟಿಯ ಮುಖ ಸುಣ್ಣ ಬಳಿದಂತಾಯಿತು. ಅವಳು ಜೀಪು ಹತ್ತಿದರೆ ವಿಮಾನ ಹತ್ತುವುದಿಲ್ಲ. ಡಬ್ಬಿ ಸಿಕ್ಕರೂ ಹುಡುಗಿಗೆ ಕೈ ಇಲ್ಲ.

"ಇನ್ಸ್‌ಪೆಕ್ಟ್ರೇ, ಒಂದು ಪೆನ್ ಕೊಡಿ," ಅಂದೆ.

ಅವರ ಜೇಬಿನಿಂದ ನಾನೇ ತಗೊಂಡೆ. ಮೇಷ್ಟ್ರ ಸೂಟ್‌ಕೇಸ್ ಎಳೆದೆ. ಅದಕ್ಕೂ ಅಂಥದ್ದೇ ಬೀಗ. ಜಿಪ್ಪಿನ ಹಲ್ಲುಗಳ ನಡುವೆ ಪೆನ್ನಿನ ಮೂತಿ ಒತ್ತಿ ಎಳೆದೆ. ಬೀಗ ಹಾಕಿದ ಹಾಗೇ ಇತ್ತು, ಸೂಟ್‌ಕೇಸ್ ಮಾತ್ರ ಬಾಯಿ ಬಿಟ್ಟಿತು. ಆಮೇಲೆ ಬೀಗ ಹಿಡಿದು ಜಿಪ್ ಒಂದು ಸುತ್ತು ಓಡಿಸಿದೆ. ಮುಚ್ಚಿಕೊಂಡಿತು. ಗುರುತೂ ಇಲ್ಲ.

"ಆರು ಸೆಕೆಂಡು," ಅಂದೆ. "ಈಗ ಹೇಳಿ, ನಂಬರ್ ಯಾರಿಗೆ ಬೇಕು?"

ಇನ್ಸ್‌ಪೆಕ್ಟರ್ ಪೆನ್ ವಾಪಸ್ ತಗೊಂಡು ಅದನ್ನೇ ತಿರುಗಿಸಿ ನೋಡಿದರು. "ಇಂಥ ಮಾಲು ಮಾರ್ತೀರಾ ನೀವು?"

"ಲೋಕಾನೇ ಮಾರುತ್ತೆ. ನಾನು ಹೇಳಿ ಮಾರ್ತೀನಿ."

"ಸರಿ. ಆದ್ರೆ ಈ ಹುಡುಗಿ ಅಲ್ಲ ಅಂತಾನೂ ಸಾಬೀತಾಗಲಿಲ್ಲ."

ಅದೂ ನಿಜವೇ. "ಒಂದು ಗಂಟೆ ಕೊಡಿ," ಅಂದೆ. ಅವರು ಅರ್ಧ ಗಂಟೆ ಕೊಟ್ಟರು.

* * *

ಮೊದಲು ತೂಕದ ಕೊಕ್ಕೆ ತಂದು ಪುಟ್ಟಿಯ ಸೂಟ್‌ಕೇಸ್ ತೂಗಿದೆ. ಹದಿನಾಲ್ಕು ಕೆ.ಜಿ. ಆರುನೂರು ಗ್ರಾಂ. ನಿನ್ನೆ ಸಂಜೆ ಮೇಡಂ ಚೀಟಿಯಲ್ಲಿ ಬರೆದು ಕಟ್ಟಿದ್ದೂ ಅದೇ. ಕಳ್ಳ ಡಬ್ಬಿಯ ತೂಕಕ್ಕೆ ಸರಿಯಾಗಿ ಪಾದಗಳನ್ನು ಆರಿಸಿಟ್ಟಿದ್ದ. ಯಾಕೆ? ಇಲ್ಲಿ ಯಾರೂ ಸೂಟ್‌ಕೇಸ್ ತೆರೆಯಬಾರದು ಅಂತ. ಆರು ವಿಮಾನ ಅಂದರೆ ಆರು ಕಡೆ ಸಾಮಾನು ಕೈ ಬದಲಾಗುತ್ತೆ. ಮೊದಲ ಊರಿನಲ್ಲಿ ಅದನ್ನು ತೆರೆದು ಪಾದ ನೋಡಿದ್ದರೆ ಎಲ್ಲರೂ ವಿಮಾನದವರನ್ನೇ ಬಯ್ಯುತ್ತಿದ್ದರು. ಇಲ್ಲಿಗೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಅಷ್ಟರಲ್ಲಿ ಮೂಲೆಯಲ್ಲಿ ಮೇಡಂ ಫೋನಿಗೆ ಪಿಸುಗುಟ್ಟುತ್ತಿದ್ದರು. "ನಾಲ್ಕು ಕೆ.ಜಿ... ಹ್ಞಾಂ... ಯಾರಿಗೂ ಗೊತ್ತಾಗಬಾರದು."

ಇನ್ಸ್‌ಪೆಕ್ಟರ್ ಬೆಕ್ಕಿನ ಹಾಗೆ ಹಾರಿ ಫೋನ್ ಕಸಿದರು. "ಏನದು ನಾಲ್ಕು ಕೆ.ಜಿ.?"

ಮೇಡಂ ಕೆಂಪಾದರು, ಬಿಳಿಚಿಕೊಂಡರು, ಕೊನೆಗೆ ಬಾಯಿ ಬಿಟ್ಟರು. "ಶೂ. ನನ್ನ ಶೂಗಳು. ನಾಲ್ಕು ಜೊತೆ. ನನ್ನ ಸೂಟ್‌ಕೇಸ್ ಹತ್ತೊಂಬತ್ತು ಕೆ.ಜಿ. ಇದೆ. ಚೀಟೀಲಿ ಹದಿನೈದು ಅಂತ ಬರೆದಿದ್ದೀನಿ. ವಿಮಾನದವರ ಹತ್ತಿರ ಹೆಚ್ಚಿನ ತೂಕಕ್ಕೆ ಹೇಳ್ತಿದ್ದೆ."

ಹತ್ತು ದಿನದಿಂದ ಒಂದೊಂದು ಕಾಲುಚೀಲಕ್ಕೂ ಎಲ್ಲರ ತಲೆ ತಿಂದ ಹೆಂಗಸು! ಅಂಥ ಹೊತ್ತಿನಲ್ಲೂ ಮೇಷ್ಟ್ರಿಗೆ ನಗು ಬಂತು. ತೆರೆದು ನೋಡಿದರು. ಶೂಗಳೇ.

ಎಲ್ಲರ ಸಾಮಾನನ್ನೂ ಬಿಚ್ಚಿದರು. ಸೂಟ್‌ಕೇಸ್, ಬೆನ್ನುಚೀಲ, ಕೈಚೀಲ. ಡಬ್ಬಿ ಎಲ್ಲೂ ಇಲ್ಲ. ಮೋಟಾರಿನ ದೊಡ್ಡ ಬೆನ್ನುಚೀಲದಿಂದ ಬಟ್ಟೆ, ತಂತಿ, ಮಳೆಯಂಗಿ ಬಂತು, ಅಷ್ಟೇ. ಅವನೇ ಮುಂದೆ ನಿಂತು ಬಿಚ್ಚಿ ತೋರಿಸಿದ. "ಮನೇನೂ ನೋಡಿ ಸಾರ್, ಬೀಗದ ಕೈ ಕೊಡ್ತೀನಿ," ಅಂದ.

ನಾನು ಮತ್ತೆ ಪುಟ್ಟಿಯ ಸೂಟ್‌ಕೇಸಿನ ಮುಂದೆ ಕೂತೆ. ಡಬ್ಬಿ ಇದ್ದದ್ದು ಕೆಳಗೆ, ಚಕ್ರದ ಹತ್ತಿರ. ಅದನ್ನು ತೆಗೆಯಬೇಕಾದರೆ ಎಲ್ಲಾ ಹೊರಗೆ ಹಾಕಬೇಕು. ಮತ್ತೆ ತುಂಬಬೇಕು. ಹಾಗೆ ತುಂಬಿದ್ದು ಪುಟ್ಟಿಯ ಕೈಯಲ್ಲ. ಚಕ್ರದ ಹತ್ತಿರ ಈಗ ಉಣ್ಣೆಯ ಸ್ವೆಟರ್ ಇತ್ತು. ಎಲ್ಲಕ್ಕಿಂತ ಹಗುರ. ಭಾರದ ಪಾದಗಳು ಮೇಲ್ತುದಿಯಲ್ಲಿ, ಹಿಡಿಯ ರಾಡುಗಳಿಗೆ ಒತ್ತಿ ಕೂತಿದ್ದವು. ಸಂದಿಗಳಿಗೆಲ್ಲ ಕಾಲುಚೀಲ ತುರುಕಿತ್ತು. ಒಳಗಿನ ಪಟ್ಟಿಗಳನ್ನು ಬಿಗಿದು, ಉಳಿದ ತುದಿಗಳನ್ನು ಸುರುಳಿ ಸುತ್ತಿ ಸಿಕ್ಕಿಸಿತ್ತು.

ಸೂಟ್‌ಕೇಸಿನವರು ಯಾರೂ ಪಟ್ಟಿಯ ತುದಿ ಸುರುಳಿ ಸುತ್ತುವುದಿಲ್ಲ. ಜೋತಾಡಿಕೊಂಡಿರಲಿ ಅಂತ ಬಿಟ್ಟುಬಿಡುತ್ತಾರೆ. ನನಗೆ ಅನುಮಾನ ಬಂತು. ಆದರೆ ಅನುಮಾನ ಹೇಳಿದರೆ ಇನ್ಸ್‌ಪೆಕ್ಟರ್ ಕೇಳುತ್ತಾರೆಯೇ? ಕಣ್ಣಾರೆ ತೋರಿಸಬೇಕು.

* * *

ಅಂಗಡಿಗೆ ಓಡಿದೆ. ನಾಲ್ಕು ಬಾಗಿಲಾಚೆ ಅಷ್ಟೇ. ಅದೇ ಅಳತೆಯ ಹೊಸ ಸೂಟ್‌ಕೇಸ್ ತಂದೆ. ಕಾರ್ಖಾನೆಯ ಏಪ್ರನ್, ಟವೆಲ್, ನನ್ನದೇ ಉಣ್ಣೆ ಶಾಲು, ಒಂದಷ್ಟು ಚಿಂದಿ, ಬೇರೆ ಎರಡು ಪ್ಲಾಸ್ಟರ್ ಪಾದ. ಎಲ್ಲವನ್ನೂ ಮೇಜಿನ ಮೇಲೆ ರಾಶಿ ಹಾಕಿದೆ.

"ಕಳ್ಳನಿಗೆ ಎಷ್ಟು ಹೊತ್ತು ಹಿಡೀತು ಅಂತ ತಿಳೀಬೇಕು," ಅಂದೆ. "ಒಬ್ಬೊಬ್ಬರಾಗಿ ತುಂಬಿ. ನಾನು ಗಡಿಯಾರ ನೋಡ್ತೀನಿ. ಯಾರು ನಿಧಾನ ಮಾಡ್ತಾರೋ ಅವರ ಮೇಲೇ ಅನುಮಾನ."

"ಏನಮ್ಮಾ ಇದು, ಮಕ್ಕಳಾಟ?" ಅಂದರು ಇನ್ಸ್‌ಪೆಕ್ಟರ್.

"ನಿಮ್ಮ ಅರ್ಧ ಗಂಟೇಲಿ ಇನ್ನೂ ಹನ್ನೆರಡು ನಿಮಿಷ ಇದೆ. ಅದು ನಂದು."

ಮೊದಲು ಮೇಷ್ಟ್ರು. ಸಿಕ್ಕಿದ್ದನ್ನು ಸಿಕ್ಕಲ್ಲಿ ಹಾಕಿದರು, ಶಾಲು ಹೊರಗೇ ಮರೆತರು. ಆಮೇಲೆ ಮೇಡಂ. ಏಪ್ರನ್ ಮಡಚಿ, ಟವೆಲ್ ಮಡಚಿ, ಪಾದಗಳನ್ನು ನಟ್ಟನಡುವೆ ಮೊಟ್ಟೆಯ ಹಾಗೆ ಮಲಗಿಸಿದರು. ಮುಂದೆ ಪುಟ್ಟಿ ತುಂಬಿದಳು. ಪಾದ ಎರಡೂ ನೇರ ಚಕ್ರದ ಹತ್ತಿರ ಹೋದವು.

"ಈಗ ನೀನು," ಅಂದೆ ಮೋಟಾರಿಗೆ. "ಬೇಗ! ಬೇಗ!"

ಅವನು ಗಡಿಯಾರದ ಮೇಲೊಂದು ಕಣ್ಣಿಟ್ಟು ಶುರು ಮಾಡಿದ. ಮೊದಲು ಶಾಲು ತಳಕ್ಕೆ. ಮೇಲೆ ಏಪ್ರನ್. ಪಾದಗಳನ್ನು ಟವೆಲ್ಲಿನಲ್ಲಿ ಸುತ್ತಿ ಮೇಲ್ತುದಿಗೆ ತಂದು ರಾಡಿಗೆ ಒತ್ತಿದ. ಸಂದಿಗಳಿಗೆ ಚಿಂದಿ ತುರುಕಿದ. ಪಟ್ಟಿ ಬಿಗಿದ. ತುದಿ ಸುರುಳಿ ಸುತ್ತಿ ಸಿಕ್ಕಿಸಿದ. ಎರಡು ನಿಮಿಷ ಹತ್ತು ಸೆಕೆಂಡು. ಎಲ್ಲರಿಗಿಂತ ಬೇಗ. ಮುಖದಲ್ಲಿ ನಿರಾಳ.

ನಾನು ಜಿಪ್ ಎಳೆದು, ಸೂಟ್‌ಕೇಸನ್ನು ಬಾಗಿಲ ಇಳಿಜಾರಿನಲ್ಲಿ ನಿಲ್ಲಿಸಿ ಕೈ ಬಿಟ್ಟೆ. ಅದು ಒಂದು ಕ್ಷಣ ಯೋಚಿಸಿತು. ಧಡ್ ಅಂತ ಮಗುಚಿ ಬಿತ್ತು.

ಇನ್ಸ್‌ಪೆಕ್ಟರ್ ಸೂಟ್‌ಕೇಸ್ ತೆರೆದರು. ತಮ್ಮ ಫೋಟೊ ಪಕ್ಕದಲ್ಲಿಟ್ಟು ನೋಡಿದರು. ಸುರುಳಿ ಸುತ್ತಿದ ಪಟ್ಟಿಯವರೆಗೂ ಒಂದೇ.

"ಇವನು ರಜಾ ಸಿಕ್ಕಿದ್ರೆ ಬೆಟ್ಟ ಹತ್ತೋನು," ಅಂದೆ. "ಬೆನ್ನುಚೀಲದವರು ಹಗುರದ್ದನ್ನ ತಳಕ್ಕೆ ಹಾಕ್ತಾರೆ. ಭಾರ ಮೇಲೆ, ಬೆನ್ನಿಗೆ ಒತ್ತಿ ಇರಬೇಕು. ಇಲ್ದಿದ್ರೆ ಚೀಲ ಹಿಂದಕ್ಕೆಳೆದು ಬೀಳಿಸುತ್ತೆ. ಪಟ್ಟಿಯ ತುದಿ ಗಿಡಗಂಟಿಗೆ ಸಿಕ್ಕಿಕೊಳ್ಳಬಾರದು ಅಂತ ಸುತ್ತುತ್ತಾರೆ. ಚಕ್ರದ ಸೂಟ್‌ಕೇಸಿಗೆ ಇದೆಲ್ಲಾ ತಿರುಗುಮುರುಗು. ಇವನು ಜೀವಮಾನದಲ್ಲಿ ಚಕ್ರದ ಸೂಟ್‌ಕೇಸ್ ತುಂಬಿದೋನಲ್ಲ. ನಾನು ಪಾಠ ಹೇಳುವಾಗ ಹೊರಗೆ ಫೋನಲ್ಲಿದ್ದ. ತೂಕ ಗ್ರಾಂ ಲೆಕ್ಕದಲ್ಲಿ ಸರಿ ಮಾಡಿದ, ಭಾರ ಎಲ್ಲಿ ಕೂರಬೇಕು ಅನ್ನೋದನ್ನ ಮಾತ್ರ ಅವನ ಕೈ ತನಗೆ ಗೊತ್ತಿದ್ದ ಹಾಗೇ ಮಾಡಿಬಿಡ್ತು."

"ಅಕ್ಕಾ, ಇದೊಂದು ಸಾಕ್ಷೀನಾ?" ಅಂದ ಮೋಟಾರು. "ಡಬ್ಬಿ ಎಲ್ಲಿ? ತೋರಿಸಿ."

ಅದು ನನಗೂ ಗೊತ್ತಿರಲಿಲ್ಲ. ಡಬ್ಬಿ ಎಲ್ಲಿ? ಮೇಡಮ್ಮಿನ ತೂಕದ ಪಟ್ಟಿ ಎಳೆದುಕೊಂಡೆ. ಇವತ್ತು ಬೆಳಿಗ್ಗೆ ಎಲ್ಲರ ಕೈಚೀಲವನ್ನೂ ಬಿಚ್ಚಿಸಿ ತೂಗಿ ಬರೆದಿದ್ದರು. ಮೇಷ್ಟ್ರದು ಐದು. ಪುಟ್ಟಿಯದು ಆರು. ಮೋಟಾರಿನ ಮುಂದೆ ಖಾಲಿ. ಪಕ್ಕದಲ್ಲಿ ಒಂದೇ ಮಾತು: ರಿಪೇರಿಗೆ.

ನನ್ನ ತಲೆಗೆ ಯಾರೋ ಮೊಟಕಿದ ಹಾಗಾಯಿತು. ಥೂ ನನ್ನ!

ಬೆಳಿಗ್ಗೆ ಎಂಟೂವರೆಗೆ, ಷಟರ್ ಎತ್ತುವಾಗಲೇ ಇವನು ಬಂದಿದ್ದ. ಚಿಕ್ಕ ಬೆನ್ನುಚೀಲ ಕೊಟ್ಟು, "ಬಕಲ್ ಒಡೆದಿದೆ, ಮೂರಕ್ಕೆ ವ್ಯಾನ್ ನಿಲ್ಲಿಸಿ ತಗೋತೀನಿ," ಅಂದಿದ್ದ. ನಾನು ಬಕಲ್ ನೋಡಿ ಇದೇನಪ್ಪ ಅಂದುಕೊಂಡಿದ್ದೆ. ಹಳೆಯ ಬಕಲ್ ತಾನಾಗಿ ಒಡೆದರೆ ಬಿರುಕು ಕೊಳೆಯಾಗಿರುತ್ತೆ. ಇದು ಬೆಳ್ಳಗಿತ್ತು, ಇಕ್ಕಳದ ಹಲ್ಲಿನ ಗುರುತಿತ್ತು. ಕೆಲಸದ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ಗಿರಾಕಿಯ ಚೀಲವನ್ನು ನಾನು ಒಳಗೆ ಬಿಚ್ಚಿ ನೋಡುವವಳಲ್ಲ, ಅದು ನನ್ನ ಅಂಗಡಿಯ ನೇಮ. ಇಡೀ ಬೀದಿಗೆ ಗೊತ್ತು. ಅವನಿಗೂ ಗೊತ್ತಿತ್ತು. ಮೇಡಮ್ಮಿನ ಕಣ್ಣು ತಪ್ಪಿಸಿ ಡಬ್ಬಿ ಇಡಲು ಇಡೀ ಊರಲ್ಲಿ ಅದಕ್ಕಿಂತ ಭದ್ರ ಜಾಗ ಇನ್ನೆಲ್ಲಿ?

"ಇನ್ಸ್‌ಪೆಕ್ಟ್ರೇ," ಅಂದೆ. "ನನ್ನ ಮೇಜಿನ ಕೆಳಗೆ, ಬಲಗಡೆ, ಹಸಿರು ಚೀಲ. ನಾನು ಬಿಚ್ಚಲ್ಲ. ನೀವೇ ಬಿಚ್ಚಿ."

ಅವರು ಹೊರಡುವ ಮೊದಲೇ ಮೋಟಾರು ಸ್ಟೂಲಿನ ಮೇಲೆ ಕುಸಿದು ಕೂತ. ಐದು ನಿಮಿಷಕ್ಕೆ ಕಪ್ಪು ಡಬ್ಬಿ ಮೇಜಿನ ಮೇಲಿತ್ತು. ಪುಟ್ಟಿ ಮುಚ್ಚಳ ತೆಗೆದಳು. ಮೂರು ಕೈಯೂ ಇದ್ದವು. ಚಿಕ್ಕದನ್ನು ಎತ್ತಿ ಎದೆಗೊತ್ತಿಕೊಂಡು ಗೊಳೋ ಅಂತ ಅತ್ತಳು. ಬೆಳಿಗ್ಗೆಯಿಂದ ಹನಿ ಕಣ್ಣೀರು ಹಾಕಿರಲಿಲ್ಲ.

* * *

"ಯಾಕೋ?" ಮೇಷ್ಟ್ರು ಕೇಳಿದ್ದು ಅದೊಂದೇ.

"ಮೂರನೇ ಊರಲ್ಲಿ ಒಂದು ಕಂಪನಿ," ಅಂದ ಮೋಟಾರು ನೆಲ ನೋಡುತ್ತ. "ಕೈ ತಂದು ತೋರಿಸಿದ್ರೆ ದೊಡ್ಡ ಕೆಲಸ ಕೊಡ್ತೀವಿ ಅಂದ್ರು. ನನ್ನ ಹೆಸರಲ್ಲಿ ಮಾಡ್ತೀವಿ ಅಂದ್ರು. ಆ ಬೆರಳು ಆಡೋದು ನನ್ನ ಮೋಟಾರಿಂದ, ಮೇಷ್ಟ್ರೇ. ನೀವು ಹಂಚೋಕೆ ಅಚ್ಚು ಹಾಕಿಸಿದ ಕಾಗದದಲ್ಲಿ ನನ್ನ ಹೆಸರೇ ಇಲ್ಲ. ನಾಲ್ಕು ವರ್ಷ!"

ಮೇಷ್ಟ್ರು ಆ ಕಾಗದ ತೆಗೆದು ಎರಡೂ ಕಡೆ ತಿರುಗಿಸಿ ನೋಡಿದರು. ಹುಡುಕಿದರು. ನಿಜಕ್ಕೂ ಇರಲಿಲ್ಲ. "ಇರಬೇಕಿತ್ತು," ಅಂದರು. "ಅದು ನನ್ನ ತಪ್ಪು. ಬಂದು ಕೇಳಿದ್ದರೆ ಕಿವಿ ಹಿಂಡಿಸ್ಕೋತಿದ್ದೆ. ಇದನ್ನ ಹೇಗೋ ಮಾಡಿದೆ?"

ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು. ಪುಟ್ಟಿಯನ್ನು ಜೀಪಿಗೆ ಹತ್ತಿಸಲು ಹೊರಟಾಗ ಇವನು ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದನಲ್ಲ! ಅದನ್ನೇ ಕೇಳಿದೆ.

ಇನ್ಸ್‌ಪೆಕ್ಟರ್ ಮೂರೂ ಕೈಗಳ ಫೋಟೊ ತೆಗೆಸಿ, ಮೇಷ್ಟ್ರ ಸಹಿ ಹಾಕಿಸಿಕೊಂಡು ಡಬ್ಬಿ ಬಿಟ್ಟುಕೊಟ್ಟರು. "ಹೊರಡಿ ನೀವು. ಮಗು ಕಾಯ್ತಿದೆ," ಅಂದರು. ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅರ್ಧ ಇಳಿಯಿತು.

ಜೀಪಿನ ಬಾಗಿಲ ಹತ್ತಿರ ಮೋಟಾರು ನಿಂತ. ಪುಟ್ಟಿಯ ಕಡೆ ತಿರುಗಿದ.

"ಚಿಕ್ಕ ಕೈಯದು... ಹೆಬ್ಬೆರಳಿನ ಸ್ಕ್ರೂ ಅರ್ಧ ಸುತ್ತು ಸಡಿಲ ಇದೆ. ಬೆಳಿಗ್ಗೆ ನೋಡಿದೆ, ಸಣ್ಣ ಸ್ಕ್ರೂಡ್ರೈವರ್ ಕೈಗೆ ಸಿಗಲಿಲ್ಲ. ಹಾಕೋ ಮುಂಚೆ ಬಿಗಿ ಮಾಡು. ಅರ್ಧಾನೇ. ಮುಕ್ಕಾಲು ಮಾಡಿದ್ರೆ ಬೆರಳು ಆಡಲ್ಲ."

ಪುಟ್ಟಿ ಅವನ ಮುಖ ನೋಡಲಿಲ್ಲ. ಆದರೆ ಮೇಡಮ್ಮಿನ ಪಟ್ಟಿಯ ಹಿಂದೆ ಬರೆದುಕೊಂಡಳು.

ಮೂರಕ್ಕೆ ವ್ಯಾನ್ ಹೊರಟಿತು. ಮೂರೇ ಜನ.

* * *

ಹನ್ನೆರಡನೇ ದಿನ ಮಧ್ಯಾಹ್ನ ಪುಟ್ಟಿಯ ಫೋನ್ ಬಂತು. ನಾಲ್ಕನೇ ಊರು. ಹಿಂದೆ ಯಾವುದೋ ಮಗು ಕೇಕೆ ಹಾಕುತ್ತಿತ್ತು.

"ಅತ್ತೆ, ಇವಳು ನನ್ನ ಮೂಗು ಹಿಂಡಿದಳು! ಹೊಸ ಕೈಯಲ್ಲಿ! ಬಿಡಿಸಿಕೊಳ್ಳೋಕೇ ಆಗಲಿಲ್ಲ." ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನನ್ನ ಕಣ್ಣೂ ತುಂಬಿತು. "ಅರ್ಧ ಸುತ್ತು ಬಿಗಿ ಮಾಡಿದೆ. ಮೊದಲು ಜಾರ್ತಿತ್ತು, ಆಮೇಲೆ ಸರಿಯಾಗಿ ಹಿಡೀತು. ಅವನಿಗೆ ಹೇಳ್ತೀರಾ ಅತ್ತೆ?"

"ನಾನ್ಯಾಕೆ ಹೇಳಲಿ? ನಿನ್ನ ಜೈಲಿಗೆ ಕಳಿಸೋಕೆ ಹೊರಟಿದ್ದ ಕಳ್ಳ ಅವನು," ಅಂತ ರೇಗಿ ಫೋನಿಟ್ಟೆ.

ಮತ್ತೆ ಕೆಲಸಕ್ಕೆ ಕೂತೆ. ಹಿಡಿ ಮುರಿದ ಒಂದು ಸೂಟ್‌ಕೇಸ್ ಮುಂದಿತ್ತು. ಹತ್ತು ನಿಮಿಷ ಅದನ್ನೇ ನೋಡುತ್ತ ಕೂತಿದ್ದೆ. ಕೈ ಓಡಲಿಲ್ಲ.

ಷಟರ್ ಎಳೆದೆ. ಜೈಲಿನ ಕಡೆ ಹೋಗುವ ಬಸ್ಸು ಹತ್ತಿದೆ.